ಕಾಳಗದ ಕಡತ

ಕಂಪ್ಯೂಟರಿನ ಯುದ್ಧದಾಟದಲ್ಲಿ ಸೋಲಿನ ಸುದ್ದಿ ಬಹಳ ಸಲ ಒಂದೇ ಸಾಲಿನಲ್ಲಿ ಬರುತ್ತದೆ. ದಾಳಿ ವಿಫಲವಾಯಿತು, ನಮ್ಮ ಕಡೆ ಇಷ್ಟು ಹೋಯಿತು, ಅವರ ಕಡೆ ಅಷ್ಟು. ಎದುರಾಳಿಗಿಂತ ಎರಡು ಪಟ್ಟು ಸೈನ್ಯ ಒಯ್ದು ನಿಲ್ಲಿಸಿದ್ದವನಿಗೆ ಈ ಸಾಲು ಓದಿ ಸಿಟ್ಟು ಬರುತ್ತದೆ. ಮದ್ದುಗುಂಡು ಮುಗಿದಿತ್ತೋ, ಹೊಳೆ ದಾಟಿ ಹೊಡೆಯಬೇಕಾಗಿ ಬಂದು ಬಲ ಕುಗ್ಗಿತೋ, ಮಳೆಯೋ, ಕತ್ತಲೋ, ನಡೆದು ನಡೆದು ಸೈನಿಕರು ದಣಿದಿದ್ದರೋ, ಏನೊಂದೂ ಗೊತ್ತಾಗುವುದಿಲ್ಲ. ಆಟಕ್ಕೆ ಮಾತ್ರ ಎಲ್ಲ ಗೊತ್ತು. ಒಂದೊಂದು ಏಟಿನ ಲೆಕ್ಕವನ್ನೂ ಅದು ಒಳಗೊಳಗೇ ಮಾಡಿ ಮುಗಿಸಿರುತ್ತದೆ. ನಾವು ಕೇಳಿಲ್ಲ, ಅದು ಹೇಳಿಲ್ಲ.

ಕೇಳುವುದಕ್ಕೆ ದಾರಿ ಇದೆ. ಸ್ವಲ್ಪ ಗಂಭೀರವಾದ ಯುದ್ಧದಾಟಗಳಲ್ಲಿ ಹೆಚ್ಚಿನವು ಕಾಳಗದ ವಿವರವನ್ನು ಸಾಲು ಸಾಲಾಗಿ ಬರೆದಿಡಬಲ್ಲವು. ಆಟಗಾರರು ಅದನ್ನು ‘ಲಾಗ್’ ಅನ್ನುತ್ತಾರೆ. ಆದರೆ ಅನೇಕ ಆಟಗಳಲ್ಲಿ ಆ ಸೌಲಭ್ಯ ಮೊದಲಿನಿಂದಲೇ ಬಂದ್ ಆಗಿರುತ್ತದೆ, ಇಲ್ಲವೇ ಅತಿ ಕಡಿಮೆ ಮಟ್ಟದಲ್ಲಿರುತ್ತದೆ. ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿರುವ ಆ ಗುಂಡಿಯನ್ನು ಹುಡುಕಿ ಒತ್ತುವವರು ಕಡಿಮೆ. ಒತ್ತಿದವರ ಆಟದ ರೀತಿಯೇ ಬದಲಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮ ಹುನ್ನೂರಿನಲ್ಲಾಗಲಿ, ಪಕ್ಕದ ಜಮಖಂಡಿಯಲ್ಲಾಗಲಿ ಹುಡುಗರ ಕೈಯಲ್ಲಿರುವುದು ಹೆಚ್ಚಾಗಿ ಮೊಬೈಲ್. ಅದರಲ್ಲಿ ಗುಂಡು ಹೊಡೆದು ಓಡುವ ಆಟಗಳದ್ದೇ ಭರಾಟೆ. ಕೂತು ಯೋಚಿಸಿ ಆಡುವ ಆಟಕ್ಕೆ ಮನಸ್ಸು ಕೊಡುವವರು ಅಲ್ಲೊಬ್ಬ ಇಲ್ಲೊಬ್ಬ. ನನ್ನ ಅಣ್ಣನ ಮಗ ಅಂಥವನು. ಕಾಲೇಜಿಗೆಂದು ಕೊಂಡ ಹಳೆಯ ಲ್ಯಾಪ್‌ಟಾಪಿನಲ್ಲಿ ‘ಬ್ಯಾಟಲ್ ಫಾರ್ ವೆಸ್ನಾತ್’ ಹಾಕಿಕೊಂಡಿದ್ದ. ಒಂದು ಸಂಜೆ ಕೂತಲ್ಲಿಂದಲೇ ಕೂಗಿದ: “ಕಾಕಾ, ಇದು ಮೋಸ ಮಾಡತೈತಿ ನೋಡ್ರಿ. ನನ್ನ ಮಂದಿ ಹೊಡದ್ರ ಮೂರೂ ಏಟು ತಪ್ಪತಾವು, ಅದರ ಮಂದಿ ಹೊಡದ್ರ ಎರಡೂ ಬೀಳತಾವು.”

“ಮೋಸ ಐತೋ ಇಲ್ಲೋ ಲೆಕ್ಕ ತಗಸಿ ನೋಡೋಣ ತಡಿ ತಮ್ಮಾ,” ಅಂದೆ.

ವೆಸ್ನಾತ್ ಎಂಬುದು ಡೇವಿಡ್ ವೈಟ್ ಎಂಬವರು 2003ರಲ್ಲಿ ಶುರುಮಾಡಿದ ಆಟ. ದುಡ್ಡು ಕೊಡಬೇಕಿಲ್ಲ, ಮೂಲ ಬರಹವೂ ಎಲ್ಲರಿಗೆ ತೆರೆದಿದೆ, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತದೆ. ಆರು ಮೂಲೆಯ ಮನೆಗಳ ನಕಾಶೆಯ ಮೇಲೆ ಸರದಿಯ ಪ್ರಕಾರ ಸೈನ್ಯ ನಡೆಸಬೇಕು. ಅದರಲ್ಲಿ ಹೊಡೆಯುವ ಮುಂಚೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಏಟಿನ ಲೆಕ್ಕ ತೋರಿಸುವ ಗುಂಡಿ ಇದೆ. ನಮ್ಮ ಹುಡುಗ ಅದನ್ನು ಒಮ್ಮೆಯೂ ಒತ್ತಿರಲಿಲ್ಲ.

ಒತ್ತಿದಾಗ ಕಂಡದ್ದನ್ನು ಇಲ್ಲಿ ಕೂಡಿಸಿ ತೋರಿಸುತ್ತೇನೆ, ಯಾಕೆಂದರೆ ಇಡೀ ವಿಷಯದ ತಿರುಳು ಈ ಚಿಕ್ಕ ಲೆಕ್ಕದಲ್ಲಿದೆ. ಮನುಷ್ಯರ ಪಡೆಯ ಈಟಿಗಾರನ ಒಂದು ಏಟಿನ ಬಲ 7. ಒಂದು ಸರದಿಗೆ 3 ಏಟು. ಓರ್ಕ್ ಎಂಬ ರಕ್ಕಸರ ಕಾಲಾಳಿನ ಏಟಿನ ಬಲ 9. ಅವನಿಗೆ 2 ಏಟು. ಇಬ್ಬರೂ ಬಯಲು ಹುಲ್ಲಿನ ಮೇಲೆ ನಿಂತಿದ್ದಾರೆ. ಅಲ್ಲಿ ಇಬ್ಬರಿಗೂ ಏಟು ತಪ್ಪಿಸಿಕೊಳ್ಳುವ ಅವಕಾಶ ನೂರಕ್ಕೆ 40. ಈಟಿಗಾರನ ಮೂರೂ ಏಟು ವ್ಯರ್ಥವಾಗುವ ಸಂಭವ ಎಷ್ಟು? 0.4ನ್ನು ಮೂರು ಸಲ ಗುಣಿಸಿದರೆ 0.064. ಅಂದರೆ ಸುಮಾರು ಹದಿನಾರು ಸಲಕ್ಕೆ ಒಮ್ಮೆ. ಒಂದು ಸಂಜೆಯ ಆಟದಲ್ಲಿ ಎಂಬತ್ತು ಬಾರಿ ಹೊಡೆದಾಡಿದರೆ ಐದು ಸಲ ಹೀಗೆ ಆಗುವುದೇ ಸಹಜ. ಎದುರಾಳಿಯ ಎರಡೂ ಏಟು ಬೀಳುವ ಸಂಭವವಂತೂ ನೂರಕ್ಕೆ 36, ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಬಿದ್ದದ್ದನ್ನು ಮರೆತು ತಪ್ಪಿದ್ದನ್ನಷ್ಟೇ ನೆನಪಿಟ್ಟುಕೊಂಡರೆ ಯಾವ ಆಟವೂ ಮೋಸವೆಂದೇ ಕಾಣುತ್ತದೆ.

ಅಷ್ಟರಲ್ಲಿ ಹುಡುಗನ ಕಣ್ಣಿಗೆ ಇನ್ನೊಂದು ಸಾಲು ಬಿತ್ತು. ಆ ಕಾಳಗ ನಡೆದದ್ದು ರಾತ್ರಿ. ಈ ಆಟದಲ್ಲಿ ಈಟಿಗಾರನಂಥವರಿಗೆ ಹಗಲು ಬಲ ನೂರಕ್ಕೆ 25 ಏರುತ್ತದೆ, ರಾತ್ರಿ ಅಷ್ಟೇ ಇಳಿಯುತ್ತದೆ. ಓರ್ಕ್‌ಗಳಿಗೆ ಇದರ ತಿರುವುಮುರುವು. ಹೀಗಾಗಿ ಹಗಲಲ್ಲಿ ಈಟಿಗಾರನ ಏಟು 9 ಆಗುತ್ತದೆ, ಓರ್ಕನದ್ದು 7ಕ್ಕೆ ಇಳಿಯುತ್ತದೆ. ರಾತ್ರಿ ಈಟಿಗಾರನದ್ದು 5, ಓರ್ಕನದ್ದು 11. ಎಲ್ಲ ಏಟೂ ಬಿದ್ದವೆಂದು ಇಟ್ಟುಕೊಂಡರೆ ಹಗಲಿನಲ್ಲಿ ನಾವು 27 ಕೊಟ್ಟು 14 ತಿನ್ನುತ್ತೇವೆ. ಕತ್ತಲಲ್ಲಿ 15 ಕೊಟ್ಟು 22 ತಿನ್ನುತ್ತೇವೆ. ಅದೇ ಇಬ್ಬರು, ಅದೇ ನೆಲ. ಬದಲಾದದ್ದು ಹೊತ್ತು ಒಂದೇ. ನಮ್ಮ ಹುಡುಗ ಎಷ್ಟೋ ದಿನದಿಂದ ಹೊತ್ತು ಮುಳುಗಿದ ಮೇಲೆ ಮುನ್ನುಗ್ಗುತ್ತ, ಬೆಳಗಾಗುವ ಹೊತ್ತಿಗೆ ಕೈಚೆಲ್ಲಿ ಕೂಡುತ್ತಿದ್ದ. ಅವನ ಪಡೆಯಲ್ಲಾಗಲಿ ಧೈರ್ಯದಲ್ಲಾಗಲಿ ಕೊರತೆ ಇರಲಿಲ್ಲ. ಒಂದು ಸಾಲಿನ ವರದಿ ಅವನಿಗೆ ಆ ಕಾರಣವನ್ನು ಎಂದೂ ತೋರಿಸಿರಲಿಲ್ಲ.

ನಮ್ಮ ಭಾಗದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ಕಡಿತ, ನಿವ್ವಳ ಎಂದು ಬೇರೆ ಬೇರೆ ಬರೆದ ತೂಕದ ಚೀಟಿಗೂ ‘ಇಷ್ಟು ಟನ್’ ಎಂದು ಬಾಯಲ್ಲಿ ಹೇಳಿ ಕಳಿಸುವುದಕ್ಕೂ ಇರುವ ಅಂತರ ಅವರಿಗೆ ಚೆನ್ನಾಗಿ ಗೊತ್ತು.

ಗುಂಡಿ ಎಲ್ಲಿದೆ?

ವಿವರದ ಲಾಗ್ ಮೊದಲಿನಿಂದಲೇ ಚಾಲೂ ಇರದಿರುವುದಕ್ಕೆ ಕಾರಣಗಳಿವೆ. ಪ್ರತಿ ಏಟನ್ನೂ ಬರೆಯುತ್ತ ಹೋದರೆ ಆಟ ನಿಧಾನವಾಗಬಹುದು, ಕಡತ ಊದಿಕೊಳ್ಳುತ್ತದೆ, ಹೊಸಬರು ಅಂಕಿಗಳ ಪ್ರವಾಹ ನೋಡಿ ಗಾಬರಿಯಾಗಿ ಆಟವನ್ನೇ ಬಿಡುತ್ತಾರೆ. ತಯಾರಕರು ಅದಕ್ಕೇ ಅದನ್ನು ಆಟಗಾರನ ಆಯ್ಕೆಗೆ ಬಿಡುತ್ತಾರೆ.

ಅದನ್ನು ಚಾಲೂ ಮಾಡುವ ಬಗೆ ಆಟದಿಂದ ಆಟಕ್ಕೆ ಬೇರೆ. ಕೆಲವದರಲ್ಲಿ ಆಯ್ಕೆಗಳ ಪರದೆಯಲ್ಲೇ ಸಂದೇಶಗಳ ಪಟ್ಟಿ ಇರುತ್ತದೆ. ‘ಫ್ರೀಸಿವ್’ ಎಂಬ ಉಚಿತ ಆಟದಲ್ಲಿ ಯಾವ ಬಗೆಯ ಘಟನೆ ಎಲ್ಲಿ ತೋರಬೇಕು ಎಂಬುದನ್ನು ಒಂದೊಂದಾಗಿ ಟಿಕ್ ಮಾಡಿ ಹೇಳಬಹುದು. ಗ್ಯಾರಿ ಗ್ರಿಗ್ಸ್‌ಬಿ ಅವರ ‘ವಾರ್ ಇನ್ ದ ಈಸ್ಟ್’ (2010) ಆಟದಲ್ಲಿ ಕಾಳಗದ ವರದಿಗೆ ಮಟ್ಟಗಳಿವೆ. ಮಟ್ಟ ಏರಿಸುತ್ತ ಹೋದರೆ ಕೊನೆಗೆ ಯಾವ ಫಿರಂಗಿ ಯಾವ ಟ್ಯಾಂಕಿಗೆ ಗುರಿಯಿಟ್ಟಿತು ಎಂಬಲ್ಲಿಯವರೆಗೆ ಕಾಣುತ್ತದೆ. ಅವರದೇ ‘ವಾರ್ ಇನ್ ದ ಪೆಸಿಫಿಕ್’ ಆಟದ 2009ರ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ: ದಿನದ ಕಾಳಗಗಳ ವರದಿ, ಕಾರ್ಯಾಚರಣೆಯ ವರದಿ, ಶತ್ರುವಿನ ರೇಡಿಯೋ ಕದ್ದು ಕೇಳಿದ್ದರ ವರದಿ, ಇವೆಲ್ಲ ಸಾದಾ ಬರಹದ ಕಡತಗಳಾಗಿ ಆಟ ಉಳಿಸುವ ಫೋಲ್ಡರಿನಲ್ಲೇ ಬಂದು ಕೂಡುತ್ತವೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಇನ್ನು ಕೆಲವು ಆಟಗಳಿಗೆ ಒಂದು ಸೆಟ್ಟಿಂಗ್ಸ್ ಕಡತವಿದ್ದು ಅದರಲ್ಲಿ ಸೊನ್ನೆ ಇದ್ದಲ್ಲಿ ಒಂದು ಎಂದು ತಿದ್ದಬೇಕು. ಹಾಗೆ ತಿದ್ದುವ ಮುಂಚೆ ಮೂಲ ಕಡತದ ಒಂದು ಪ್ರತಿ ಬೇರೆ ಹೆಸರಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮತ್ತೆ ಕೆಲವಕ್ಕೆ ಆಟ ಶುರುಮಾಡುವ ಆದೇಶದ ಕೊನೆಗೆ ಲಾಗಿನ ಸೂಚನೆ ಸೇರಿಸಬೇಕು.

ಇಲ್ಲೊಂದು ಗೊಂದಲ ಆಗುವುದುಂಟು. ಲಾಗ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ತಯಾರಕರಿಗಾಗಿ ಇರುವುದು: ಯಾವ ಚಿತ್ರ ತೆರೆಯಲಿಲ್ಲ, ಯಾವ ಕಡತ ಸಿಗಲಿಲ್ಲ, ಆಟ ಎಲ್ಲಿ ಕೈಕೊಟ್ಟಿತು ಎಂಬ ಯಂತ್ರದ ದೂರುಪಟ್ಟಿ. ಇನ್ನೊಂದು ಕಾಳಗದ ವರದಿ. ವೆಸ್ನಾತ್‌ಗಾಗಲಿ ಫ್ರೀಸಿವ್ ಸರ್ವರಿಗಾಗಲಿ ಆದೇಶದ ಮೂಲಕ ಚಾಲೂ ಮಾಡುವ ಲಾಗ್ ಮುಖ್ಯವಾಗಿ ಮೊದಲನೆಯ ಬಗೆಯದು. ಅದನ್ನು ತೆರೆದು ‘ಇದರಲ್ಲಿ ಯುದ್ಧವೇ ಇಲ್ಲವಲ್ಲ’ ಎಂದು ನಿರಾಶೆಯಾದವರುಂಟು. ವೆಸ್ನಾತ್‌ನಲ್ಲಿ ಕಾಳಗದ ಸತ್ಯ ಬೇಕಾದರೆ ಏಟಿನ ಲೆಕ್ಕದ ಕಿಟಕಿ ನೋಡಬೇಕು, ಅಂಕಿಅಂಶದ ಪರದೆ ನೋಡಬೇಕು. ಲೆಕ್ಕದ ಪ್ರಕಾರ ಎಷ್ಟು ಹಾನಿಯಾಗಬೇಕಿತ್ತು, ನಿಜವಾಗಿ ಎಷ್ಟಾಯಿತು ಎಂಬುದನ್ನು ಅದು ಎದುರುಬದುರು ಇಟ್ಟು ತೋರಿಸುತ್ತದೆ. ಉಳಿಸಿಟ್ಟ ಆಟವನ್ನು ಮೊದಲಿನಿಂದ ಮತ್ತೆ ನಡೆಸಿ ನೋಡಲೂ ಬರುತ್ತದೆ. ಅದೃಷ್ಟ ಕೈಕೊಟ್ಟಿತೋ, ಬುದ್ಧಿ ಕೈಕೊಟ್ಟಿತೋ ಎಂದು ಬೇರ್ಪಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕಲಿಯುವವರಿಗೆ ನನ್ನ ಸಲಹೆ ಇಷ್ಟು: ಮೊದಲ ಕೆಲವು ಆಟಗಳಲ್ಲಿ ವಿವರವನ್ನು ಪೂರ್ತಿ ಮಟ್ಟಕ್ಕೆ ಏರಿಸಿ. ಎಲ್ಲವನ್ನೂ ಓದಬೇಡಿ. ಒಂದೇ ಒಂದು ಸೋತ ಕಾಳಗವನ್ನು ಆರಿಸಿಕೊಂಡು ಅದರ ಸಾಲುಗಳನ್ನು ಕೊನೆಯವರೆಗೂ ಓದಿ. ಕೆಲವು ಆಟಗಳು ಹಿಂದಿನ ಸರದಿಯ ಕಡತದ ಮೇಲೇ ಹೊಸದನ್ನು ಬರೆದುಬಿಡುತ್ತವೆ. ಬೇಕಾದದ್ದನ್ನು ಅಂದಂದೇ ಬೇರೆ ಹೆಸರಿಟ್ಟು ಎತ್ತಿಡಿ.

ದಾಳ, ಕೋಷ್ಟಕ, ಪೆಟ್ಟಿಗೆ

ಈ ಲಾಗ್ ಕಂಪ್ಯೂಟರಿನ ಜೊತೆಗೆ ಹುಟ್ಟಿದ ಕೂಸಲ್ಲ. ಪ್ರಶ್ಯದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ಪ್ರಕಟಿಸಿದ ‘ಕ್ರೀಗ್ಸ್‌ಪೀಲ್’ ಎಂಬ ಯುದ್ಧದಾಟದಲ್ಲೇ ಅದರ ಬೇರಿದೆ. ಅವರ ತಂದೆ ಅದಕ್ಕೂ ಮುಂಚೆ ಅಂಥದೊಂದು ಆಟವನ್ನು ರಾಜನಿಗೆ ತೋರಿಸಿದ್ದರು. ಮಗ ಅದನ್ನು ನಿಜವಾದ ನಕಾಶೆಯ ಮೇಲೆ, ನಿಯಮಗಳ ಪುಸ್ತಕದೊಂದಿಗೆ ಸೇನೆಗೆ ಒಗ್ಗಿಸಿದ. ಎರಡು ಕಡೆಯವರೂ ತಮ್ಮ ಆಜ್ಞೆಗಳನ್ನು ಚೀಟಿಯಲ್ಲಿ ಬರೆದು ಪಂಚನ ಕೈಗೆ ಕೊಡಬೇಕು. ಪೂರ್ತಿ ಚಿತ್ರ ಗೊತ್ತಿರುವುದು ಪಂಚನೊಬ್ಬನಿಗೆ. ಅವನು ದಾಳ ಹಾಕಿ, ದೂರ ಮತ್ತು ನೆಲ ನೋಡಿ, ಕೋಷ್ಟಕದಿಂದ ಹಾನಿ ತೆಗೆದು ಲೆಕ್ಕ ಇಡಬೇಕು. 1870–71ರಲ್ಲಿ ಪ್ರಶ್ಯದ ಪಡೆ ಫ್ರಾನ್ಸನ್ನು ಮಣಿಸಿದ ಮೇಲೆ ಬೇರೆ ದೇಶಗಳ ಸೇನೆಗಳೂ ಈ ಅಭ್ಯಾಸ ಹಚ್ಚಿಕೊಂಡವು.

ಅಮೆರಿಕದ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಹಲಗೆಯಾಟ ತಂದು, ನಾಲ್ಕು ವರ್ಷದ ಮೇಲೆ ಅವಲಾನ್ ಹಿಲ್ ಕಂಪನಿ ಕಟ್ಟಿದಾಗ ಯುದ್ಧದಾಟ ಸಾಮಾನ್ಯರ ಮನೆ ಸೇರಿತು. ಅಲ್ಲಿಯೂ ಮೂರಕ್ಕೆ ಒಂದು, ಎರಡಕ್ಕೆ ಒಂದು ಎಂಬ ಬಲದ ಪ್ರಮಾಣ ಲೆಕ್ಕಹಾಕಿ, ದಾಳ ಉರುಳಿಸಿ, ಕೋಷ್ಟಕ ನೋಡುವವರು ಆಟಗಾರರೇ. ಪ್ರತಿ ಸೋಲಿನ ಕಾರಣ ಮೇಜಿನ ಮೇಲೆ ಎಲ್ಲರ ಕಣ್ಣೆದುರೇ ಬಿದ್ದಿರುತ್ತಿತ್ತು. 1980ರಲ್ಲಿ ‘ಕಂಪ್ಯೂಟರ್ ಬಿಸ್ಮಾರ್ಕ್’ ಬಂತು. ಅಲ್ಲಿಂದಾಚೆಗೆ ದಾಳ, ಕೋಷ್ಟಕ, ಪಂಚ ಮೂರೂ ಪೆಟ್ಟಿಗೆಯೊಳಗೆ ಸೇರಿಕೊಂಡವು. ಗಂಟೆಗಟ್ಟಲೆಯ ಕೂಡುವ ಕಳೆಯುವ ಶ್ರಮ ಉಳಿಯಿತು. ಜೊತೆಗೆ ಕಾರಣವೂ ಕಣ್ಮರೆಯಾಯಿತು. ಲಾಗ್ ಚಾಲೂ ಮಾಡುವುದೆಂದರೆ ಪೆಟ್ಟಿಗೆಯೊಳಗಿನ ಪಂಚನ ಹತ್ತಿರ ಅವನ ಲೆಕ್ಕದ ಹಾಳೆ ಕೇಳಿ ಪಡೆಯುವುದು.

ಪಂಚನ ಹಾಳೆಯನ್ನು ಗೌರವಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ 1942ರ ಒಂದು ಘಟನೆ ಇದೆ. ಮಿಡ್ವೇ ದಾಳಿಗೆ ಮುಂಚೆ ಜಪಾನಿನ ನೌಕಾಪಡೆ ತನ್ನ ‘ಯಮಾಟೊ’ ಹಡಗಿನಲ್ಲಿ ಯುದ್ಧದಾಟ ಆಡಿ ನೋಡಿತು. ಆ ನೌಕಾಪಡೆಯವರೇ ಆದ ಫುಚಿದಾ ಮತ್ತು ಒಕುಮಿಯಾ ಮುಂದೆ ಬರೆದಿರುವ ಪ್ರಕಾರ, ಅಮೆರಿಕದ ವಿಮಾನದಾಳಿಗೆ ಪಂಚರ ದಾಳ 9 ಬಾಂಬು ಬಿದ್ದವೆಂದು ತೋರಿಸಿತು. ‘ಅಕಾಗಿ’, ‘ಕಾಗಾ’ ಎಂಬ ಎರಡು ವಿಮಾನವಾಹಕ ಹಡಗು ಮುಳುಗಿದವೆಂದು ತೀರ್ಪಾಯಿತು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ ಒಂಬತ್ತನ್ನು ಮೂರಕ್ಕೆ ಇಳಿಸಿದರು. ಅಕಾಗಿಗೆ ಬರೀ ಗಾಯ ಎಂದಾಯಿತು. ಕಾಗಾ ಕೂಡ ಮುಂದಿನ ಸುತ್ತಿನ ಆಟಕ್ಕೆ ಜೀವ ತಳೆದು ಬಂತು. ಜೂನ್ 4ರಂದು ನಿಜವಾದ ಕಾಳಗದಲ್ಲಿ ಬಾಂಬು ತಿಂದ ಅಕಾಗಿ, ಕಾಗಾ, ಸೊರ್ಯು, ಹಿರ್ಯು ನಾಲ್ಕೂ ಸಮುದ್ರದ ತಳ ಸೇರಿದವು. ಆಟದ ಲಾಗು ಕಹಿಯಾದದ್ದನ್ನು ಹೇಳಿತ್ತು. ಅದನ್ನು ತಿದ್ದಿ ಸಿಹಿ ಮಾಡಿಕೊಂಡಿದ್ದರು.

ವರದಿ ಬರೆಯುವವನೇ ತಪ್ಪು ತಿಳಿದಿದ್ದರೆ? ಇದನ್ನೂ ಒಳ್ಳೆಯ ಆಟಗಳು ಯೋಚಿಸಿವೆ. ‘ವಾರ್ ಇನ್ ದ ಪೆಸಿಫಿಕ್’ನಲ್ಲಿ ಯುದ್ಧದ ಮಸುಕು ಎಂಬ ಆಯ್ಕೆಯನ್ನು ಚಾಲೂ ಇಟ್ಟರೆ, ಶತ್ರುವಿನ ಹಾನಿಯ ಬಗ್ಗೆ ಲಾಗು ಹೇಳುವುದನ್ನೆಲ್ಲ ನಂಬುವಂತಿಲ್ಲ. ಮುಳುಗಿತೆಂದು ಬರೆದ ಹಡಗು ಒಂದು ತಿಂಗಳ ಮೇಲೆ ಇನ್ನೊಂದು ಬಂದರಿನಲ್ಲಿ ಕಾಣಿಸಿಕೊಳ್ಳಬಹುದು. ಇದು ಆಟದ ದೋಷವಲ್ಲ, ಇತಿಹಾಸಕ್ಕೆ ಅದು ತೋರಿದ ನಿಷ್ಠೆ. 1944ರ ಅಕ್ಟೋಬರಿನಲ್ಲಿ ಫಾರ್ಮೋಸಾ ಹತ್ತಿರದ ವಿಮಾನಕಾಳಗದ ನಂತರ ಅಮೆರಿಕದ 11 ವಿಮಾನವಾಹಕ ಹಡಗು ಮುಳುಗಿಸಿದೆವೆಂದು ಜಪಾನ್ ಸಾರಿತು. ನಿಜವಾಗಿ ಒಂದೂ ಮುಳುಗಿರಲಿಲ್ಲ. ಎರಡು ಕ್ರೂಸರುಗಳಿಗೆ ಭಾರಿ ಪೆಟ್ಟು ಬಿದ್ದಿತ್ತು. ಕತ್ತಲಲ್ಲಿ, ಗಡಿಬಿಡಿಯಲ್ಲಿ ಹಾರಿಬಂದ ಪೈಲಟ್‌ಗಳ ಮಾತೇ ಕಡತವಾಗಿತ್ತು. ಹಾಗಾಗಿ ವಿವರ ಎಷ್ಟಿದೆ ಎಂದು ನೋಡುವಾಗಲೇ ಅದನ್ನು ಯಾರು, ಎಲ್ಲಿ ನಿಂತು ನೋಡಿ ಬರೆದರು ಎಂದೂ ನೋಡಬೇಕಾಗುತ್ತದೆ.

ನಮ್ಮ ನೆಲದ ಲಾಗು

ಫಲಿತಾಂಶ ಒಂದು ಮಾತಿನಲ್ಲಿ, ಕಾರಣ ಸಾವಿರ ಮಾತಿನಲ್ಲಿ ಎಂಬುದು ನಮ್ಮವರಿಗೆ ಹೊಸ ವಿಚಾರವೇನಲ್ಲ. ಮಹಾಭಾರತದ ಭೀಷ್ಮಪರ್ವದಲ್ಲಿ ಸಂಜಯ ರಣರಂಗದಿಂದ ಬಂದವನೇ ಧೃತರಾಷ್ಟ್ರನಿಗೆ ಭೀಷ್ಮ ಬಿದ್ದ ಸುದ್ದಿ ಹೇಳಿಬಿಡುತ್ತಾನೆ. ಕುರುಡ ದೊರೆಗೆ ಅಷ್ಟು ಸಾಲದು. ಅದು ಹೇಗಾಯಿತು, ಯಾರು ಎದುರು ನಿಂತರು, ನನ್ನ ಮಕ್ಕಳು ಆಗ ಎಲ್ಲಿದ್ದರು ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾನೆ. ಹತ್ತು ದಿನಗಳ ಯುದ್ಧದ ವಿವರ ಆಮೇಲೆ ಬಿಚ್ಚಿಕೊಳ್ಳುತ್ತದೆ. ನಮ್ಮ ಮುಧೋಳದ ರನ್ನನಂತೂ ‘ಗದಾಯುದ್ಧ’ವನ್ನು ಭಾರತಯುದ್ಧದ ಕೊನೆಗೆ ನಿಲ್ಲಿಸಿ, ಅಲ್ಲಿಂದ ಸಿಂಹ ಹಿಂದಿರುಗಿ ನೋಡುವ ಹಾಗೆ ಹಿಂದಿನದನ್ನೆಲ್ಲ ತಿರುಗಿ ನೋಡುತ್ತಾನೆ. ಸೋಲು ಎದುರಿಗೇ ನಿಂತಿರುವಾಗ ದುರ್ಯೋಧನ ಒಂದೊಂದು ಹೆಣದ ಬಳಿ ತಡೆದು ನಿಲ್ಲುವ ಆ ಭಾಗ, ನನಗೆ ಕಾಣುವ ಮಟ್ಟಿಗೆ, ಯುದ್ಧದ ಕಡತವನ್ನು ಓದುವ ಅತ್ಯಂತ ಕಷ್ಟದ ಮತ್ತು ಅತ್ಯಂತ ಪ್ರಾಮಾಣಿಕವಾದ ರೀತಿ.

ಕಲ್ಲಿನಲ್ಲೂ ಈ ಕಡತವಿದೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮೇಲೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ದೇವರ ಸನ್ನಿಧಿ. ಜೊತೆಗೆ ಎರಡು ಸಾಲು ಬರಹ: ಯಾವ ದೊರೆಯ ಕಾಲ, ಯಾರ ಮಗ, ದನ ತಿರುಗಿಸಲು ಹೋಗಿ ಸತ್ತನೋ, ಹೆಣ್ಣಿನ ಮಾನ ಕಾಯಲು ಹೋಗಿ ಸತ್ತನೋ. ಬೇಗೂರಿನ ಸುಮಾರು 890ರ ಕಾಲದ ವೀರಗಲ್ಲು ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನ ಹೆಸರು ಹೇಳುತ್ತದೆ. ಸತ್ತವನಿಗಾಗಿ ಕೆತ್ತಿದ ಆ ಒಂದು ವಿವರದಿಂದಲೇ ಬೆಂಗಳೂರೆಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನ ಹಳೆಯದೆಂದು ಇವತ್ತು ನಮಗೆ ಗೊತ್ತು.

ಆದರೆ ಈ ಮಾತಿಗೆ ನಮ್ಮ ಸೀಮೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಹಲಗಲಿ. 1857ರಲ್ಲಿ ಉತ್ತರದಲ್ಲಿ ದಂಗೆಯೆದ್ದ ಮೇಲೆ ಇಂಗ್ಲಿಷರು ಜನ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಾಯಿದೆ ತಂದರು. ಆಗಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಕೊಡಲು ಒಪ್ಪಲಿಲ್ಲ. ಬೇಟೆ, ಕಾವಲು ಅವರ ಬದುಕು. ಆಯುಧ ಕೊಟ್ಟರೆ ಉಳಿಯುವುದೇನು? ನವೆಂಬರಿನ ಕೊನೆಯಲ್ಲಿ ಪಡೆ ಬಂತು, ಗುಂಡು ಹಾರಿತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಮಂದಿಯನ್ನು ನೇಣಿಗೇರಿಸಿದರು, 13 ಮಂದಿಯನ್ನು ಮುಧೋಳದಲ್ಲಿ, 6 ಮಂದಿಯನ್ನು ಹಲಗಲಿಯಲ್ಲಿ. ಆಳುವವರ ಕಡತದ ಲೆಕ್ಕ ಇಷ್ಟರಲ್ಲಿ ಮುಗಿಯುತ್ತದೆ: ದಿನಾಂಕ, ಪಡೆಯ ಅಧಿಕಾರಿಗಳ ಹೆಸರು, ಸತ್ತವರ, ಸೆರೆಯಾದವರ ಸಂಖ್ಯೆ.

ಜನ ಬೇರೆಯೇ ಲಾಗು ಇಟ್ಟರು. ಅದು ಲಾವಣಿ. ಕುರ್ತಕೋಟಿ ಕಲ್ಮೇಶ್ವರನ ಅಂಕಿತವಿರುವ ಆ ಹಾಡನ್ನು ಇಂಗ್ಲಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆ್ಯಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದರು. ಮುಂದೆ ಬಿ.ಎಸ್. ಗದ್ದಗಿಮಠರ ಸಂಗ್ರಹದಲ್ಲಿ ಬಂತು, ಅಲ್ಲಿಂದ ಹತ್ತನೆಯ ತರಗತಿಯ ಪಠ್ಯಕ್ಕೂ ಬಂತು. ಅದರಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಹೆಸರು ಮೊದಲು ಬರುತ್ತವೆ. ಊರಿಗೆ ಬಂದ ಸರಕಾರಿ ಕಾರಕೂನನ ಕಪಾಳಕ್ಕೆ ಬಿದ್ದ ಏಟು ಬರುತ್ತದೆ; ಯಾವ ಹೊತ್ತಿನಲ್ಲಿ ಮಾತು ಮುರಿದು ಕೈ ಮಿಕ್ಕಿತು ಎಂಬುದರ ಗುರುತು ಅದು. ಕೊನೆಗೆ ಬರುವುದು ಲೂಟಿಯ ಪಟ್ಟಿ. ಅದನ್ನು ತರಗತಿಯಲ್ಲಿ ಓದುವಾಗ ಬಹಳ ಮಕ್ಕಳು ಅವಸರದಲ್ಲಿ ದಾಟಿಬಿಡುತ್ತಾರೆ. ನಾನು ಅಲ್ಲಿಯೇ ನಿಲ್ಲುತ್ತೇನೆ. ಹಾಲು, ಮೊಸರು, ಬೆಣ್ಣೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಸಕ್ಕರೆ, ಬೆಲ್ಲ. ಕೊಡಲಿ, ನೇಗಿಲಿನ ಕುಡ. ಉಣ್ಣುವ ಗಂಗಾಳ, ನೀರಿನ ಚೆರಗಿ. ಮಂಗಳಸೂತ್ರ. ಬೀಸುವ ಕಲ್ಲನ್ನು ಕೂಡ ಬಿಡದೆ ಒಯ್ದರೆಂದು ಹಾಡು ಲೆಕ್ಕ ಕೊಡುತ್ತದೆ.

ಒಂದು ಊರನ್ನು ಸುಟ್ಟರು ಎಂಬುದು ಫಲಿತಾಂಶ. ನಾಳೆ ಬೆಳಗ್ಗೆ ಆ ಊರಿನ ಉಳಿದ ಹೆಂಗಸು ಹಿಟ್ಟು ಬೀಸಲಾರಳು, ಉಳಲು ಕುಡವಿಲ್ಲ, ಉಣ್ಣಲು ಗಂಗಾಳವಿಲ್ಲ ಎಂಬುದು ಆ ಯುದ್ಧ. ಲಾವಣಿ ಕಟ್ಟಿದವನಿಗೆ ಇದು ತಿಳಿದಿತ್ತು. ಅವನು ಅಡುಗೆಮನೆಯ ಒಳಗಿನಿಂದ ಬರೆದ. ಕುದುರೆಯ ಮೇಲೆ ಕೂತು ಬಂದವರಿಗೆ ಅದು ಕಂಡಿರಲಾರದು. ಹಾಡಿನಲ್ಲಿ ಉತ್ಪ್ರೇಕ್ಷೆಯೂ ಇದೆ, ವೀರರ ಮೇಲಿನ ಅಭಿಮಾನವೂ ಇದೆ. ದಿನಾಂಕ ಬೇಕಾದರೆ ಸರಕಾರಿ ಕಡತಕ್ಕೇ ಹೋಗಬೇಕು. ಎರಡನ್ನೂ ತಾಳೆ ಹಾಕಿದಾಗಲೇ ಹಲಗಲಿ ಪೂರ್ತಿ ಕಾಣುವುದು.

ಹಲಗಲಿಯನ್ನು ಆಟವಾಗಿ ಕಟ್ಟಿದರೆ

ನಮ್ಮ ಸೇನೆಗೂ ಯುದ್ಧದಾಟಗಳ ಸಂಶೋಧನೆಗೆಂದೇ ದೆಹಲಿಯಲ್ಲಿ ವಾರ್ಡೆಕ್ ಎಂಬ ಕೇಂದ್ರವಿದೆ. ಡಿಆರ್‌ಡಿಒದ ಒಂದು ಸಂಸ್ಥೆಯೂ ಇಂಥ ಆಟಗಳನ್ನು ಕಟ್ಟುತ್ತದೆ. ಅದು ದೊಡ್ಡವರ ಕೆಲಸ. ನನ್ನ ಆಸೆ ಚಿಕ್ಕದು, ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಕಾಲೇಜುಗಳ ಹುಡುಗ ಹುಡುಗಿಯರ ಕೈಗೆ ಎಟುಕುವಂಥದು. ವೆಸ್ನಾತ್‌ನ ಕಥೆಗಳು, ನಕಾಶೆಗಳು, ಸೈನಿಕರ ಗುಣಗಳು ಎಲ್ಲವೂ ಸಾದಾ ಬರಹದ ಕಡತಗಳಲ್ಲಿವೆ. ಅದರ ಮಾರ್ಕಪ್ ಭಾಷೆ ಕಲಿಯಲು ಇಂಜಿನಿಯರ್ ಆಗಬೇಕಿಲ್ಲ. ಜಗತ್ತಿನ ಮೂಲೆ ಮೂಲೆಯ ಹವ್ಯಾಸಿಗಳು ತಮ್ಮ ಊರಿನ, ತಮ್ಮ ಕಲ್ಪನೆಯ ಯುದ್ಧಗಳನ್ನು ಅದರಲ್ಲಿ ಕಟ್ಟಿ ಹಂಚಿದ್ದಾರೆ. ಹಲಗಲಿಯ ಆ ದಿನಗಳನ್ನು ಅದರಲ್ಲಿ ಕಟ್ಟಬಹುದು.

ಕಟ್ಟುವಾಗ ಮೊದಲು ಎದುರಾಗುವ ಪ್ರಶ್ನೆಯೇ ಲಾಗಿನದು. ಆಟಕ್ಕೆ ಗೊತ್ತಿರುವ ಹಾನಿ ಎಂದರೆ ಸೈನಿಕನ ಜೀವದ ಅಂಕ ಮತ್ತು ಚಿನ್ನ. ಬೀಸುವ ಕಲ್ಲಿಗೆ ಅದರಲ್ಲಿ ಅಂಕಣವಿಲ್ಲ. ಅದನ್ನು ನಾವೇ ಸೇರಿಸಬೇಕು. ಪಡೆ ಒಂದು ಮನೆಯನ್ನು ಹೊಕ್ಕ ಕೂಡಲೇ ಆ ಮನೆಯಿಂದ ಹೋದದ್ದು ಏನೇನು ಎಂದು ಲಾವಣಿಯ ಪಟ್ಟಿಯ ಪ್ರಕಾರ ಸಾಲು ಮೂಡಬೇಕು. ಕಾರಕೂನ ಊರೊಳಗೆ ಬಂದಾಗ ಆಟಗಾರನಿಗೆ ಆಯ್ಕೆ ಇರಬೇಕು: ಮಾತಾಡಬೇಕೋ, ಹೊಡೆಯಬೇಕೋ, ಆಯುಧ ಒಪ್ಪಿಸಬೇಕೋ. ಯಾವುದನ್ನು ಆರಿಸಿದರೂ ಅದರ ಫಲ ಮುಂದಿನ ಸರದಿಗಳಲ್ಲಿ ವಿವರವಾಗಿ ಬರೆದು ಬರಬೇಕು. ಹಗಲು ರಾತ್ರಿಯ ಬಲಾಬಲದ ನಿಯಮ ಹಾಗೆಯೇ ಇರಲಿ. ನೆಲ ಬಲ್ಲ ಬೇಡರಿಗೆ ಕತ್ತಲಲ್ಲಿ ಎಷ್ಟು ಅನುಕೂಲ ಕೊಡಬೇಕೆಂಬುದನ್ನು ಆ ಊರಿನ ಹಿರಿಯರ ಹತ್ತಿರ, ಅಲ್ಲಿನ ಗುಡ್ಡ ಕಣಿವೆ ತಿರುಗಿ ನೋಡಿದವರ ಹತ್ತಿರ ಕೂತು ಗೊತ್ತುಮಾಡಬೇಕು. ಗೆಲ್ಲಲಾಗದ ಆಟ ಯಾರು ಆಡುತ್ತಾರೆ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇಂಥ ಆಟದಲ್ಲಿ ಗೆಲುವನ್ನು ಬೇರೆ ರೀತಿಯಿಂದ ಅಳೆಯಬೇಕು: ಎಷ್ಟು ಮಂದಿ ಹೊರಗೆ ದಾಟಿ ಉಳಿದರು, ಎಷ್ಟು ದವಸ ಉಳಿಯಿತು, ಎಷ್ಟು ಹೊತ್ತು ಊರನ್ನು ತಡೆದು ನಿಲ್ಲಿಸಿದರು.

ಲಾಗು ಎರಡು ಕಡತವಾಗಿರಬೇಕು. ಒಂದು ಇಂಗ್ಲಿಷ್ ಪಡೆಯ ಅಧಿಕಾರಿಯ ಕಣ್ಣಿನಿಂದ: ಹೊತ್ತು, ದೂರ, ಹಾರಿಸಿದ ಗುಂಡು, ಬಿದ್ದವರು. ಇನ್ನೊಂದು ಊರೊಳಗಿನವರ ಕಣ್ಣಿನಿಂದ, ಕನ್ನಡದಲ್ಲಿ, ಲಾವಣಿಯ ಮಾತಿನಲ್ಲಿ, ಹೆಸರು ಹೆಸರಾಗಿ. ಆಟ ಮುಗಿದ ಮೇಲೆ ಎರಡೂ ಪರದೆಯ ಮೇಲೆ ಅಕ್ಕಪಕ್ಕ ತೆರೆದುಕೊಳ್ಳಬೇಕು, ಬಂದ್ ಮಾಡುವ ಗುಂಡಿ ಇರಬಾರದು. ಇದಕ್ಕೆ ಕೈಹಾಕುವವರಿಗೆ ಕಂಪ್ಯೂಟರಿಗಿಂತ ಮುಂಚೆ ಬೇಕಾಗುವುದು ಹತ್ತನೆಯ ತರಗತಿಯ ಆ ಪಾಠದ ಒಂದು ಪ್ರತಿ, ಎರಡು ಅಂಕಣ ಗೀಟು ಹಾಕಿದ ಒಂದು ನೋಟ್‌ಬುಕ್ಕು, ಮತ್ತು ಹಲಗಲಿಗೆ ಹೋಗುವ ಬಸ್ಸು.